ರಾಲಿಗೆ ಬೇಸ್‌ಬಾಲ್ ತಂಡ ಬೇಕೇ? 81 ಸಂಜೆಗಳ ಲೆಕ್ಕ

ನಾರ್ತ್ ಕೆರೊಲಿನಾದ ನಮ್ಮ ರಾಲಿಗೆ ಮೇಜರ್ ಲೀಗ್ ಬೇಸ್‌ಬಾಲ್, ಅಂದರೆ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್‌ನ, ತಂಡ ಬೇಕೇ ಎಂದು ಕೇಳುವವರು ಮೊದಲು 81 ಎಂಬ ಸಂಖ್ಯೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಒಂದು ತಂಡ ವರ್ಷಕ್ಕೆ 162 ಪಂದ್ಯ ಆಡುತ್ತದೆ. ಅದರಲ್ಲಿ ಅರ್ಧ ತವರಿನಲ್ಲಿ. ನಮ್ಮಲ್ಲಿ ಹೆಚ್ಚಿನವರು ಕ್ರಿಕೆಟ್ ನೋಡಿ ಬೆಳೆದವರು. ಐಪಿಎಲ್ ಲೀಗ್ ಹಂತದಲ್ಲಿ ಆರ್‌ಸಿಬಿಗೆ ಸಿಗುವ ತವರಿನ ಪಂದ್ಯಗಳು ಏಳು. ಏಳು ಸಂಜೆ ಚಿನ್ನಸ್ವಾಮಿ ತುಂಬುವುದು ಒಂದು ಮಾತು. ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ, ಮಂಗಳವಾರ ಬುಧವಾರ ಎನ್ನದೆ, ಮರುದಿನ ಮಕ್ಕಳಿಗೆ ಶಾಲೆ ಇದ್ದರೂ, 81 ಸಲ ತುಂಬುವುದು ಬೇರೆಯೇ ಮಾತು.

ಒಂದು ಪಂದ್ಯಕ್ಕೆ ಸರಾಸರಿ 25,000 ಜನ ಎಂದಿಟ್ಟುಕೊಳ್ಳಿ. 81ರಿಂದ ಗುಣಿಸಿದರೆ 20 ಲಕ್ಷ 25 ಸಾವಿರ ಟಿಕೆಟ್. ರಾಲಿ, ಡರಮ್, ಕೇರಿ, ಚಾಪೆಲ್ ಹಿಲ್ ಸುತ್ತಮುತ್ತಲಿನ ಎಲ್ಲರನ್ನೂ ಸೇರಿಸಿದರೆ 2020ರ ಜನಗಣತಿಯಲ್ಲಿ ಸುಮಾರು 21 ಲಕ್ಷ ಜನ. ಅಂದರೆ ತೊಟ್ಟಿಲ ಕೂಸಿನಿಂದ ಹಿಡಿದು ಹಣ್ಣು ಮುದುಕರವರೆಗೆ, ಹೆಚ್ಚುಕಡಿಮೆ ತಲೆಗೊಂದು ಟಿಕೆಟ್, ಅದೂ ಪ್ರತಿ ವರ್ಷ. ಈಗ ನಮ್ಮಲ್ಲಿರುವ ದೊಡ್ಡ ವೃತ್ತಿಪರ ತಂಡ ಕೆರೊಲಿನಾ ಹರಿಕೇನ್ಸ್. ಈ ಐಸ್ ಹಾಕಿ ತಂಡಕ್ಕೆ 2025-26ರ ಋತುವಿನಲ್ಲಿ ತವರಿನಲ್ಲಿ 41 ಪಂದ್ಯ, ಲೆನೊವೊ ಸೆಂಟರ್‌ನಲ್ಲಿ ಸುಮಾರು 18,700 ಕುರ್ಚಿ. ಎಲ್ಲ ತುಂಬಿದರೂ ಏಳೂಮುಕ್ಕಾಲು ಲಕ್ಷ ದಾಟುವುದಿಲ್ಲ. ಬೇಸ್‌ಬಾಲ್ ತಂಡ ಇದರ ಎರಡೂವರೆ ಪಟ್ಟಿಗಿಂತ ಹೆಚ್ಚು ಟಿಕೆಟ್ ಮಾರಬೇಕು, ಅದೂ ಹಾಕಿ ನೋಡುವ ಇದೇ ಜನರಿಗೆ.

ಆಗದ ಮಾತು ಎಂದು ನಾನು ಹೇಳುತ್ತಿಲ್ಲ. ಮಿಲ್ವಾಕಿಯನ್ನು ನೋಡಿ. ಟಿವಿ ಮಾರುಕಟ್ಟೆಯಾಗಿ ಅದು ನಮಗಿಂತ ಚಿಕ್ಕದು, ಆದರೂ ಅಲ್ಲಿನ ಬ್ರೂವರ್ಸ್ ಪಂದ್ಯಗಳಿಗೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. ಕ್ಯಾನ್ಸಸ್ ಸಿಟಿ, ಸಿನ್ಸಿನಾಟಿ ಕೂಡ ನಮಗಿಂತ ಚಿಕ್ಕ ಮಾರುಕಟ್ಟೆಗಳೇ. ಆದರೆ ಆ ಊರುಗಳಲ್ಲಿ ಬೇಸ್‌ಬಾಲ್ ಅಜ್ಜನಿಂದ ಮೊಮ್ಮಗನಿಗೆ ಬಂದ ಅಭ್ಯಾಸ. ಅಂಥ ಅಭ್ಯಾಸ ಬೇರು ಬಿಡಲು ಒಂದು ತಲೆಮಾರು ಹಿಡಿಯುತ್ತದೆ. ಸ್ಟೇಡಿಯಂ ಕಟ್ಟಲು ಎತ್ತಿದ ಸಾಲದ ಕಂತು ಮಾತ್ರ ಮೊದಲ ವರ್ಷದಿಂದಲೇ ಶುರುವಾಗುತ್ತದೆ.

ಈ ಪ್ರಶ್ನೆ ಈಗ ಯಾಕೆ ಬಂತು? ಲೀಗ್‌ನಲ್ಲಿ 30 ತಂಡಗಳಿವೆ. ಕೊನೆಯ ಸಲ ಹೊಸ ತಂಡ ಸೇರಿದ್ದು 1998ರಲ್ಲಿ, ಅರಿಜೋನಾ ಮತ್ತು ಟ್ಯಾಂಪಾ ಬೇ. ಲೀಗ್‌ನ ಮುಖ್ಯಸ್ಥ, ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ 2029ರ ಜನವರಿಯಲ್ಲಿ ನಿವೃತ್ತರಾಗುವುದಾಗಿ ಹೇಳಿದ್ದಾರೆ. ಅಷ್ಟರೊಳಗೆ ಇನ್ನೆರಡು ಊರುಗಳನ್ನು ಆರಿಸಿ ಸಂಖ್ಯೆಯನ್ನು 32ಕ್ಕೆ ತರುವುದು ಅವರ ಇಷ್ಟ. ನ್ಯಾಶ್‌ವಿಲ್, ಸಾಲ್ಟ್ ಲೇಕ್ ಸಿಟಿ, ಪೋರ್ಟ್‌ಲ್ಯಾಂಡ್, ನಮ್ಮದೇ ರಾಜ್ಯದ ಷಾರ್ಲಟ್, ಜೊತೆಗೆ ರಾಲಿ, ಹೀಗೆ ಹೆಸರುಗಳು ಓಡಾಡುತ್ತಿವೆ.

ಲೀಗ್ ಎಂದರೆ ಆ 30 ಮಾಲೀಕರೇ. ಹೊಸ ತಂಡ ಬರಬೇಕಾದರೆ ಅವರಲ್ಲಿ ಮುಕ್ಕಾಲು ಪಾಲು, ಅಂದರೆ 23 ಜನ ಒಪ್ಪಬೇಕು. ಅವರು ಯಾಕೆ ಒಪ್ಪುತ್ತಾರೆ? 1993ರಲ್ಲಿ ಕೊಲರಾಡೊ ಕಟ್ಟಿದ ಪ್ರವೇಶ ಶುಲ್ಕ 9.5 ಕೋಟಿ ಡಾಲರ್, 1998ರಲ್ಲಿ ಅದು 13 ಕೋಟಿ. ಮುಂದಿನ ಸಲಕ್ಕೆ ಕಮಿಷನರ್ ಬಾಯಲ್ಲಿ ಬಂದಿರುವ ಅಂಕಿ 220 ಕೋಟಿ ಡಾಲರ್. ಎರಡು ತಂಡದ ಶುಲ್ಕವನ್ನು 30 ಪಾಲು ಮಾಡಿದರೆ ಒಬ್ಬೊಬ್ಬ ಮಾಲೀಕರಿಗೂ 14 ಕೋಟಿ ಡಾಲರ್‌ಗಿಂತ ಹೆಚ್ಚು. ಬದಲಿಗೆ ಅವರು ಬಿಟ್ಟುಕೊಡುವುದೇನೆಂದರೆ, ರಾಷ್ಟ್ರೀಯ ಟಿವಿ ಹಣವನ್ನು ಇನ್ನು ಮುಂದೆ 30ರ ಬದಲು 32 ಭಾಗ ಮಾಡಬೇಕು, ಪ್ರತಿಯೊಬ್ಬರ ಪಾಲು ಆರೂಕಾಲು ಶೇಕಡಾ ಇಳಿಯುತ್ತದೆ. ಶುಲ್ಕ ಹೆಚ್ಚಿದಷ್ಟೂ ಅವರ ಒಪ್ಪಿಗೆ ಸುಲಭ. ಆದರೆ ಕೈಯಲ್ಲಿದ್ದ ದುಡ್ಡೆಲ್ಲ ಶುಲ್ಕಕ್ಕೆ ಹೋದ ಮೇಲೆ ಹೊಸ ಮಾಲೀಕ ಸ್ಟೇಡಿಯಂ ಕಟ್ಟಲು ಎಲ್ಲಿಗೆ ಹೋಗುತ್ತಾನೆ? ಊರಿನ ಬೊಕ್ಕಸದ ಬಾಗಿಲಿಗೇ.

ಎರಡು ಊರುಗಳ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ರಾಲಿ ಏನು ಮಾಡಬೇಕು, ಏನು ಮಾಡಬಾರದು ಎರಡೂ ಅದರಲ್ಲೇ ಇವೆ.

ಮೊದಲನೆಯದು ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಎನ್ನುತ್ತೇವಲ್ಲ, ಆ ಊರು ಮಾಡಿದ್ದು ಅದನ್ನೇ. ಗ್ಯಾಸ್ ಪ್ಲಾಂಟ್ ಎಂಬ ಕಪ್ಪು ಜನರ ಬಡಾವಣೆಯನ್ನು, ಮನೆ, ಅಂಗಡಿ, ಚರ್ಚು ಸಮೇತ, 1980ರ ದಶಕದಲ್ಲಿ ತೆರವು ಮಾಡಿ, ಅಲ್ಲಿ ಗುಮ್ಮಟದ ಕ್ರೀಡಾಂಗಣ ಎಬ್ಬಿಸಿದರು. 1990ರಲ್ಲಿ ಬಾಗಿಲು ತೆರೆಯಿತು, ಆಡಲು ತಂಡವೇ ಇರಲಿಲ್ಲ. ಚಿಕಾಗೊದ ವೈಟ್ ಸಾಕ್ಸ್ ಬರುತ್ತದೆ ಎಂದು ಮೊದಲೇ ಆಸೆಪಟ್ಟಿದ್ದರು. ಊರು ಬಿಡುತ್ತೇವೆ ಎಂಬ ಭಯ ತೋರಿಸಿ 1988ರಲ್ಲಿ ಆ ತಂಡದ ಮಾಲೀಕರು ಇಲಿನಾಯ್ ಸರ್ಕಾರದಿಂದ ಅಲ್ಲೇ ಹೊಸ ಸ್ಟೇಡಿಯಂ ಗಿಟ್ಟಿಸಿಕೊಂಡರು. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬಂದೇ ಬಿಟ್ಟಿತು ಎನ್ನುವಷ್ಟರಲ್ಲಿ ಉಳಿದ ಮಾಲೀಕರು ತಡೆದರು. ಖಾಲಿ ಸ್ಟೇಡಿಯಂ ಇಟ್ಟುಕೊಂಡು ಕೂತ ಊರು ಬೇರೆಯವರ ಚೌಕಾಸಿಗೆ ತೂಕದ ಬಟ್ಟಾಯಿತು. ಕೊನೆಗೆ ಟ್ಯಾಂಪಾ ಬೇ ತಂಡ ಬಂದದ್ದು 1998ರಲ್ಲಿ, ಎಂಟು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಬಾಲ್ಟಿಮೋರ್, ಕ್ಲೀವ್‌ಲ್ಯಾಂಡ್, ಡೆನ್ವರ್ ಎಲ್ಲ ಕಡೆ ಪೇಟೆ ನಡುವೆ ಬಯಲು ಸ್ಟೇಡಿಯಂಗಳು ಎದ್ದಿದ್ದವು. ಸೇಂಟ್ ಪೀಟರ್ಸ್‌ಬರ್ಗ್‌ನ ಗುಮ್ಮಟ ಮೊದಲ ಪಂದ್ಯದ ದಿನವೇ ಹಳತಾಗಿತ್ತು. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಅದರ ಬಟ್ಟೆಯ ಛಾವಣಿಯನ್ನು ಹರಿದು ಚಿಂದಿ ಮಾಡಿತು. ಲೀಸ್ ಕರಾರಿನ ಪ್ರಕಾರ ದುರಸ್ತಿಯ ಹೊಣೆ ನಗರದ್ದು. ಅಂದಾಜು 5.5 ಕೋಟಿ ಡಾಲರ್‌ಗೂ ಹೆಚ್ಚು. ಇದರ ನಡುವೆ ಹೊಸ ಸ್ಟೇಡಿಯಂಗೆ ಆಗಿದ್ದ 130 ಕೋಟಿ ಡಾಲರ್‌ನ ಒಪ್ಪಂದದಿಂದ 2025ರ ಮಾರ್ಚ್‌ನಲ್ಲಿ ತಂಡವೇ ಹಿಂದೆ ಸರಿಯಿತು. ಕೆಲಸ, ಏಳಿಗೆ ಬರುತ್ತದೆ ಎಂದು ಗ್ಯಾಸ್ ಪ್ಲಾಂಟ್ ಜನರಿಗೆ ಅಂದು ಕೊಟ್ಟ ಮಾತು ಈಡೇರದೆ ಹಾಗೇ ಉಳಿದಿದೆ. ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ನೋಯುವ ಭಾಗ ಅದು.

ಎರಡನೆಯದು ಡೆನ್ವರ್. 1990ರ ಆಗಸ್ಟ್‌ನಲ್ಲಿ ಅಲ್ಲಿನ ಆರು ಕೌಂಟಿಗಳ ಮತದಾರರ ಮುಂದೆ ಪ್ರಶ್ನೆ ಇಟ್ಟರು. ಮಾರಾಟ ತೆರಿಗೆಯಲ್ಲಿ ಶೇಕಡಾ 0.1 ಹೆಚ್ಚಳ, ಅಂದರೆ ಹತ್ತು ಡಾಲರ್ ಖರೀದಿಗೆ ಒಂದು ಸೆಂಟ್. ಲೀಗ್ ತಂಡ ಕೊಟ್ಟರೆ ಮಾತ್ರ ತೆರಿಗೆ, ಇಲ್ಲದಿದ್ದರೆ ಇಲ್ಲ. ಜನ ಒಪ್ಪಿದರು. ರಾಕೀಸ್ ತಂಡ 1993ರಲ್ಲಿ ಹಳೆಯ ಫುಟ್‌ಬಾಲ್ ಮೈದಾನದಲ್ಲೇ ಆಟ ಶುರು ಮಾಡಿತು. ಮೊದಲ ವರ್ಷವೇ 44 ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರು ಬಂದರು, ಆ ದಾಖಲೆ ಇಂದಿಗೂ ಯಾರೂ ಮುರಿದಿಲ್ಲ. ಹೊಸ ಸ್ಟೇಡಿಯಂ ಕೂರ್ಸ್ ಫೀಲ್ಡ್ 1995ರಲ್ಲಿ ತಯಾರಾಯಿತು. ಸಾಲ ಗಡುವಿಗೆ ಎಷ್ಟೋ ಮೊದಲೇ ತೀರಿ, 2001ರಲ್ಲಿ ತೆರಿಗೆ ನಿಂತಿತು.

ಎರಡೂ ಊರು ಬಯಸಿದ್ದು ಒಂದನ್ನೇ, ತಂಡ ಬರಲಿ ಎಂದು. ಕೆಲಸ ಮಾಡಿದ ಕ್ರಮ ಮಾತ್ರ ಬೇರೆ. ಡೆನ್ವರ್ ಮೊದಲು ಜನರನ್ನು ಕೇಳಿತು, ತಂಡ ಖಾತ್ರಿಯಾದ ಮೇಲೆ ಕಟ್ಟಿತು. ಭಾರವನ್ನು ಒಂದೇ ಊರಿನ ತಲೆಗೆ ಕಟ್ಟದೆ ಆಟ ನೋಡಲು ಬರುವ ಆರೂ ಕೌಂಟಿಗಳಿಗೆ ಹಂಚಿತು. ರಾಲಿ ಈ ದಾರಿ ಹಿಡಿಯುವುದಾದರೆ ತಂಡಕ್ಕೆ ಅರ್ಜಿ ಹಾಕಲಿ ಎನ್ನುವವನು ನಾನು. ಇಲ್ಲವಾದರೆ ಬೇಡ.

ಆದರೆ ಡೆನ್ವರ್ ಕಾಲದ ಬೆಲೆ ಈಗಿಲ್ಲ. ಕೂರ್ಸ್ ಫೀಲ್ಡ್‌ಗೆ ಆದ ಖರ್ಚು ಇಪ್ಪತ್ತೊಂದು ಕೋಟಿ ಡಾಲರ್ ಚಿಲ್ಲರೆ. 2020ರಲ್ಲಿ ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ತೆರೆದ ಗ್ಲೋಬ್ ಲೈಫ್ ಫೀಲ್ಡ್‌ಗೆ 110 ಕೋಟಿಗೂ ಹೆಚ್ಚು, ಅದರಲ್ಲಿ ನಗರದ ಪಾಲು 50 ಕೋಟಿವರೆಗೆ. ಅದೇ 50 ಕೋಟಿಯನ್ನು ರಾಲಿಗೆ ಹಾಕಿ ನೋಡೋಣ. ಬಡ್ಡಿ ಶೇಕಡಾ 5, ಅವಧಿ 30 ವರ್ಷ. ವರ್ಷದ ಕಂತು ಸುಮಾರು 3.25 ಕೋಟಿ ಡಾಲರ್. ಒಟ್ಟು ಕಟ್ಟುವುದು 97 ಕೋಟಿಗೂ ಹೆಚ್ಚು. ಕಂತನ್ನು 81ರಿಂದ ಭಾಗಿಸಿದರೆ ಒಂದೊಂದು ಪಂದ್ಯಕ್ಕೆ ನಾಲ್ಕು ಲಕ್ಷ ಡಾಲರ್. 25,000 ಜನ ಬಂದರೆ, ಕೂತವರ ಪ್ರತಿ ಕುರ್ಚಿಗೂ 16 ಡಾಲರ್ ತೆರಿಗೆ ಹಣ ಹೋಗುತ್ತದೆ. ನಗರವೊಂದೇ ಹೊತ್ತರೆ, 2020ರ ಜನಗಣತಿಯ ಜನಸಂಖ್ಯೆಯಲ್ಲಿ ಹಂಚಿದಾಗ, ನಾಲ್ಕು ಜನರ ಮನೆಗೆ ವರ್ಷಕ್ಕೆ 275 ಡಾಲರ್‌ಗೂ ಹೆಚ್ಚು, ಅವರು ಒಂದು ಪಂದ್ಯ ನೋಡಿದರೂ ಅಷ್ಟೇ, ನೋಡದಿದ್ದರೂ ಅಷ್ಟೇ.

ಇದು ನೆಟ್ಟಗೆ ಕಂತು ಕಟ್ಟಿದರೆ. ಕಂತನ್ನು ಮುಂದಕ್ಕೆ ತಳ್ಳಿದರೆ ಏನಾಗುತ್ತದೆ ಎಂದು ತಿಳಿಯಲು ಮಯಾಮಿ ನೋಡಬೇಕು. 2012ರಲ್ಲಿ ತೆರೆದ ಮಾರ್ಲಿನ್ಸ್ ಸ್ಟೇಡಿಯಂಗಾಗಿ ಮಯಾಮಿ-ಡೇಡ್ ಕೌಂಟಿ ಎತ್ತಿದ ಸಾಲಗಳಲ್ಲಿ ಒಂದು 9.1 ಕೋಟಿ ಡಾಲರ್‌ನದು. ಮೊದಲ ವರ್ಷಗಳಲ್ಲಿ ಏನೂ ಕಟ್ಟಬೇಕಿಲ್ಲ, ಬಡ್ಡಿ ಅಸಲಿಗೆ ಸೇರುತ್ತಾ ಹೋಗುತ್ತದೆ. ಆ 9.1 ಕೋಟಿಗೆ 2048ರ ಹೊತ್ತಿಗೆ ಕಟ್ಟಬೇಕಾಗುವುದು 118 ಕೋಟಿ. ಸ್ಟೇಡಿಯಂ ಒಪ್ಪಂದ, ಆಸ್ತಿ ತೆರಿಗೆ ಏರಿಕೆ ಎರಡಕ್ಕೂ ಸಿಟ್ಟಾದ ಜನ 2011ರಲ್ಲಿ ಕೌಂಟಿಯ ಮೇಯರ್‌ರನ್ನೇ ಮತ ಹಾಕಿ ಇಳಿಸಿದರು, ಸಾಲ ಮಾತ್ರ ಇಳಿಯಲಿಲ್ಲ. ಹೊಸ ಸ್ಟೇಡಿಯಂನ ಮೊದಲ ವರ್ಷ 22 ಲಕ್ಷ ಜನ ಬಂದರು, ಎರಡನೇ ವರ್ಷ 16 ಲಕ್ಷಕ್ಕಿಂತ ಕಡಿಮೆ, 2018ರಲ್ಲಿ ಎಂಟು ಲಕ್ಷ ಚಿಲ್ಲರೆ. ಕಟ್ಟಡ ಹೊಸದಾದ ಮಾತ್ರಕ್ಕೆ ಜನ ಬರುವುದಿಲ್ಲ, ಆಡಳಿತ ಒಳ್ಳೆಯ ಆಟಗಾರರನ್ನು ಮಾರಿಕೊಂಡರೆ ಎರಡನೇ ವರ್ಷಕ್ಕೇ ಮುಖ ತಿರುಗಿಸುತ್ತಾರೆ.

“ಖರ್ಚು ಮಾಡಿದ್ದೆಲ್ಲ ಊರಿಗೇ ವಾಪಸ್ ಬರುತ್ತದೆ” ಎಂಬ ಮಾತು ನೀವು ಕೇಳಿರುತ್ತೀರಿ. ಅರ್ಥಶಾಸ್ತ್ರಜ್ಞರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನು ಅಳೆಯುತ್ತಾ ಬಂದಿದ್ದಾರೆ. ಅವರಲ್ಲಿ ಇಷ್ಟು ಒಮ್ಮತ ಇರುವ ವಿಷಯಗಳು ಕಡಿಮೆ: ಸ್ಟೇಡಿಯಂಗೆ ಹಾಕಿದ ಸರ್ಕಾರಿ ಹಣಕ್ಕೆ ತಕ್ಕ ಆದಾಯ ಊರಿಗೆ ಬರುವುದಿಲ್ಲ. ಕಾರಣ ಸರಳ. ಪಕ್ಕದ ಕೇರಿ ಪಟ್ಟಣದ ಒಂದು ಕುಟುಂಬ ಶನಿವಾರ ಸಂಜೆಗೆಂದು ಇಟ್ಟಿರುವುದು 200 ಡಾಲರ್ ಎನ್ನಿ. ಆ ದುಡ್ಡು ಇವತ್ತು ಚಾಥಮ್ ಸ್ಟ್ರೀಟ್‌ನ ಹೋಟೆಲ್‌ಗೋ, ಸಿನಿಮಾಕ್ಕೋ, ಮಕ್ಕಳ ಸಂಗೀತ ಕಾರ್ಯಕ್ರಮಕ್ಕೋ ಹೋಗುತ್ತಿದೆ. ನಾಳೆ ಸ್ಟೇಡಿಯಂಗೆ ಹೋದರೆ ಇಲ್ಲಿ ಅಷ್ಟು ಕಡಿಮೆಯಾಯಿತು. ಹೋಟೆಲ್ ಮಾಲೀಕ ಇದೇ ಊರಿನಲ್ಲಿ ಖರ್ಚು ಮಾಡುತ್ತಾನೆ. ಟಿಕೆಟ್ ದುಡ್ಡಿನ ದೊಡ್ಡ ಪಾಲು ಆಟಗಾರರ ಸಂಬಳವಾಗಿ, ಅವರು ಚಳಿಗಾಲ ಕಳೆಯುವ ಫ್ಲಾರಿಡಾಕ್ಕೋ ಅರಿಜೋನಾಕ್ಕೋ ಹೊರಟುಹೋಗುತ್ತದೆ. ಕೆಲಸಗಳೂ ಅಷ್ಟೆ. ಗೇಟಿನಲ್ಲಿ ನಿಲ್ಲುವವರು, ತಿಂಡಿ ಮಾರುವವರು, ವರ್ಷಕ್ಕೆ 81 ಪಾಳಿ. ಜಾರ್ಜಿಯಾದ ಕಾಬ್ ಕೌಂಟಿ ಅಟ್ಲಾಂಟಾ ಬ್ರೇವ್ಸ್‌ಗಾಗಿ 30 ಕೋಟಿ ಡಾಲರ್ ಹಾಕಿತು. ಪಕ್ಕದಲ್ಲೇ ಅಂಗಡಿ, ಹೋಟೆಲ್, ಅಪಾರ್ಟ್‌ಮೆಂಟ್ ಎದ್ದ ಆ ಯೋಜನೆಯನ್ನು ಎಲ್ಲರೂ ಮಾದರಿ ಎನ್ನುತ್ತಾರೆ. ಅದನ್ನು ಕೂಲಂಕಷವಾಗಿ ಅಳೆದ ಅರ್ಥಶಾಸ್ತ್ರಜ್ಞ ಜೆ.ಸಿ. ಬ್ರಾಡ್‌ಬರಿ ಅವರ ಲೆಕ್ಕದಲ್ಲಿ ಕೌಂಟಿಗೆ ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಡಾಲರ್ ಕೊರತೆ.

ಹಾಗಾದರೆ ತಂಡದಿಂದ ಲಾಭವೇ ಇಲ್ಲವೇ? ಇದೆ. ಜುಲೈ ಸಂಜೆ ಬೆಳಕು ಇಳಿಯುವಾಗ ಹಸಿರು ಹುಲ್ಲಿನ ಎದುರು ಸಾವಿರಾರು ಜನ ಒಟ್ಟಿಗೆ ಕೂರುವುದಕ್ಕೆ, ಬೇರೆ ಬೇರೆ ದೇಶದಿಂದ ಬಂದವರ ಮಕ್ಕಳು ಒಂದೇ ಟೋಪಿ ಹಾಕುವುದಕ್ಕೆ ಬೆಲೆ ಇದೆ. ಅದನ್ನು ಉದ್ಯಾನ, ಗ್ರಂಥಾಲಯದ ಹಾಗೆ ಸಂತೋಷದ ಖರ್ಚು ಎಂದೇ ಕರೆದು, ಎಷ್ಟು ಕೊಡಬಹುದು ಎಂದು ಕೇಳೋಣ. ಹೂಡಿಕೆ ಎಂದು ಹೆಸರಿಟ್ಟರೆ ಲೆಕ್ಕ ಹಾದಿ ತಪ್ಪುತ್ತದೆ.

ಇನ್ನು ಜಾಗ ಮತ್ತು ಹವಾಮಾನ. ಇಲ್ಲಿ ಜುಲೈ ಆಗಸ್ಟ್‌ನ ಮಧ್ಯಾಹ್ನ 32 ಡಿಗ್ರಿ ಸೆಲ್ಸಿಯಸ್, ಮೈಗೆ ಅಂಟುವ ಸೆಕೆ, ಸಂಜೆಗೆ ಗುಡುಗು ಮಳೆ. ಆರ್ಲಿಂಗ್ಟನ್‌ನಲ್ಲಿ 1994ರಲ್ಲಿ ತೆರೆದ ಬಯಲು ಸ್ಟೇಡಿಯಂ ನೋಡಲು ಬಹಳ ಚೆಂದ, ಗಟ್ಟಿಮುಟ್ಟೂ ಆಗಿತ್ತು. ಬಿಸಿಲು ತಡೆಯಲಾಗದೆ 26 ಋತುಗಳಿಗೇ ಅದನ್ನು ಬಿಟ್ಟು, ಸರಿಸುವ ಛಾವಣಿಯ ಹೊಸದನ್ನು ಕಟ್ಟಿದರು. ಛಾವಣಿ ಬೇಕೇ ಬೇಡವೇ ಎಂದು ಮೊದಲೇ ತೀರ್ಮಾನಿಸದಿದ್ದರೆ, ಸಾಲ ತೀರುವ ಮೊದಲೇ ಅದೇ ಕಥೆ ಇಲ್ಲೂ ಆಗುತ್ತದೆ. ವಾಹನ ನಿಲ್ಲಿಸುವ ಲೆಕ್ಕವೂ ಸಣ್ಣದಲ್ಲ. 30,000 ಜನ, ಕಾರಿಗೆ ಎರಡೂವರೆ ಜನರಂತೆ 12,000 ಕಾರು. ಓಡಾಡುವ ದಾರಿ ಸೇರಿಸಿ ಎಕರೆಗೆ 130 ಕಾರು ಹಿಡಿಸಿದರೂ 90 ಎಕರೆ ದಾಟುತ್ತದೆ. ರಾಲಿಯ ಡಿಕ್ಸ್ ಪಾರ್ಕ್ ಇಡೀ 308 ಎಕರೆ, ಅದರ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಕಡಿಮೆ ಅಷ್ಟೆ. ಲೆನೊವೊ ಸೆಂಟರ್ ಪಕ್ಕ ಪಾರ್ಕಿಂಗ್ ಈಗಲೇ ಇದೆ ನಿಜ, ಆದರೆ ಸೆಪ್ಟೆಂಬರ್ ಶನಿವಾರಗಳಲ್ಲಿ ಅದೇ ಜಾಗಕ್ಕೆ ಎನ್.ಸಿ. ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ನೋಡುವ ಜನ ಬರುತ್ತಾರೆ. ಚಿನ್ನಸ್ವಾಮಿಗೆ ಕಬ್ಬನ್ ಪಾರ್ಕ್ ಮೆಟ್ರೊದಲ್ಲಿ ಇಳಿದು ನಡೆದು ಹೋಗಬಹುದು. ನಮ್ಮ ಡರಮ್–ಆರೆಂಜ್ ಲೈಟ್ ರೈಲು ಯೋಜನೆ 2019ರಲ್ಲೇ ಕೈಬಿಟ್ಟು ಹೋಯಿತು.

ಡರಮ್ ಎಂದಾಗ ಬುಲ್ಸ್ ತಂಡದ ಮಾತು ಹೇಳಲೇಬೇಕು. ಹತ್ತು ಸಾವಿರ ಕುರ್ಚಿಯ ಆ ಮೈದಾನ 1995ರಿಂದ ಇದೆ, ನಗರದ ಆಸ್ತಿ. ಮೇಜರ್ ಲೀಗ್‌ಗೆ ಒಂದೇ ಮೆಟ್ಟಿಲು ಕೆಳಗಿನ ಆಟವನ್ನು ಕುಟುಂಬ ಸಮೇತ ಹೋಗಿ ನೋಡಬಹುದಾದ ಬೆಲೆಗೆ ಅಲ್ಲಿ ನೋಡಬಹುದು. ದೊಡ್ಡ ತಂಡ ಬಂದ ಕಡೆ ಚಿಕ್ಕ ತಂಡಕ್ಕೆ ಏನಾಗಿದೆ? 1993ರಲ್ಲಿ ರಾಕೀಸ್ ಬಂದಾಗ ಡೆನ್ವರ್‌ನ ಝೆಫರ್ಸ್ ನ್ಯೂ ಆರ್ಲಿಯನ್ಸ್‌ಗೆ ಹೋಯಿತು. 1998ರಲ್ಲಿ ಡೈಮಂಡ್‌ಬ್ಯಾಕ್ಸ್ ಬಂದಾಗ ಫೀನಿಕ್ಸ್‌ನ ಫೈರ್‌ಬರ್ಡ್ಸ್ ಟೂಸಾನ್‌ಗೆ. ರಾಲಿಗೆ ತಂಡ ಬಂದರೆ ಡರಮ್ ತನ್ನ ಬುಲ್ಸ್ ಕಳೆದುಕೊಳ್ಳುವ ಸಾಧ್ಯತೆ ದೊಡ್ಡದು. ಆ ನಷ್ಟ ಭರ್ತಿ ಮಾಡುವವರು ಯಾರು ಎಂಬುದನ್ನು ಅರ್ಜಿಯ ಮೊದಲ ಪುಟದಲ್ಲೇ ಬರೆಯಬೇಕು.

ಈ ಮೈದಾನಗಳ ಬಾಳು ನಾವು ಎಣಿಸಿದಂತೆ ಸಾಗುವುದಿಲ್ಲ, ಅದಕ್ಕೊಂದು ಸಣ್ಣ ಉದಾಹರಣೆ. ಮೇಜರ್ ಲೀಗ್ ಕ್ರಿಕೆಟ್ 2023ರಲ್ಲಿ ಶುರುವಾದಾಗ ಪಂದ್ಯ ನಡೆದ ಎರಡೇ ಜಾಗಗಳಲ್ಲಿ ಒಂದು ನಮ್ಮ ಮಾರಿಸ್‌ವಿಲ್‌ನ ಚರ್ಚ್ ಸ್ಟ್ರೀಟ್ ಪಾರ್ಕ್. ಇನ್ನೊಂದು ಟೆಕ್ಸಸ್‌ನ ಗ್ರಾಂಡ್ ಪ್ರೇರಿ, ಅದು ಬೇಸ್‌ಬಾಲ್‌ಗೆಂದು ಕಟ್ಟಿ, ತಂಡ ನಿಂತುಹೋದ ಮೇಲೆ ಕ್ರಿಕೆಟ್‌ಗೆ ಬದಲಾಯಿಸಿದ ಸ್ಟೇಡಿಯಂ. ಓಕ್‌ಲ್ಯಾಂಡ್‌ನ ಅಥ್ಲೆಟಿಕ್ಸ್ ಎಂಬ ಬೇಸ್‌ಬಾಲ್ ತಂಡ 2024ರಲ್ಲಿ ಊರು ಬಿಟ್ಟಿತು, ಮರುವರ್ಷ ಅದು ಆಡುತ್ತಿದ್ದ ಕೊಲಿಸಿಯಂ ಸ್ಟೇಡಿಯಂನಲ್ಲಿ ಕ್ರಿಕೆಟ್ ನಡೆಯಿತು.

ಊರು ಬಿಡುವುದನ್ನು ತಡೆಯುವುದು ಲೀಸ್ ಕರಾರು. ಅದರ ಒಂದು ಸಾಲು ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಫುಟ್‌ಬಾಲ್‌ನ ಸೇಂಟ್ ಲೂಯಿಸ್ ರ‍್ಯಾಮ್ಸ್ ಸಾಕು. ಸ್ಟೇಡಿಯಂ ಸದಾ ಲೀಗ್‌ನ ಮೇಲಿನ ಕಾಲು ಭಾಗದ ಗುಣಮಟ್ಟದಲ್ಲಿರಬೇಕು, ಇಲ್ಲದಿದ್ದರೆ ತಂಡಕ್ಕೆ ಬಿಡುಗಡೆ ಎಂದು ಬರೆದುಕೊಟ್ಟಿದ್ದರು. 2016ರಲ್ಲಿ ತಂಡ ಲಾಸ್ ಏಂಜಲಿಸ್‌ಗೆ ಹೊರಟಿತು. ರಾಲಿ ಸಹಿ ಹಾಕುವ ಕಾಗದದಲ್ಲಿ ಇಂಥ ಷರತ್ತು ಇರಬಾರದು. ಸಾಲದ ಅವಧಿಗಿಂತ ಲೀಸ್ ಅವಧಿ ಒಂದು ದಿನವೂ ಕಡಿಮೆ ಇರಬಾರದು. ಬಿಟ್ಟು ಹೋದರೆ ಪರಿಹಾರ ಎಂದಷ್ಟೇ ಬರೆದರೆ ಸಾಲದು, ಇಲ್ಲೇ ಆಡುವಂತೆ ನ್ಯಾಯಾಲಯ ಆದೇಶ ಕೊಡಬಹುದು ಎಂದಿರಬೇಕು. ಖರ್ಚು ಅಂದಾಜು ಮೀರಿದರೆ ಮೀರಿದ್ದೆಲ್ಲ ಮಾಲೀಕರದ್ದು.

ದುಡ್ಡಿನ ಮೂಲಕ್ಕೆ ಬರೋಣ. ವೇಕ್ ಕೌಂಟಿಯಲ್ಲಿ ಹೋಟೆಲ್ ಕೋಣೆಗೆ ಶೇಕಡಾ 6, ಸಿದ್ಧ ಆಹಾರಕ್ಕೆ ಶೇಕಡಾ 1 ತೆರಿಗೆ ಇದೆ. ಕಾನೂನಿನ ಪ್ರಕಾರ ಅದನ್ನು ಪ್ರವಾಸ, ಕಲೆ, ಕ್ರೀಡೆ, ಸಮ್ಮೇಳನಗಳಿಗೇ ಬಳಸಬೇಕು, ಶಾಲೆಗೆ ಕೊಡಲಾಗದು. ಹಾಗಾಗಿ “ಆ ದುಡ್ಡಲ್ಲಿ ಶಾಲೆ ಕಟ್ಟಿ” ಎಂಬ ವಾದ ಈ ನಿಧಿಗೆ ಸಲ್ಲುವುದಿಲ್ಲ. ಆದರೆ ಅದರಿಂದ 30 ಕೋಟಿ ಡಾಲರ್ ಲೆನೊವೊ ಸೆಂಟರ್ ನವೀಕರಣಕ್ಕೆ ಮೀಸಲಾಗಿದೆ, ಕನ್ವೆನ್ಷನ್ ಸೆಂಟರ್ ವಿಸ್ತರಣೆಯೂ ಅದರ ಮೇಲೇ ನಿಂತಿದೆ. ಒರೆಗಾನ್ 2025ರಲ್ಲಿ ಇನ್ನೊಂದು ದಾರಿ ಹುಡುಕಿತು: ಆಟಗಾರರ ಆದಾಯ ತೆರಿಗೆಯಿಂದಲೇ ತೀರಿಸುವ 80 ಕೋಟಿ ಡಾಲರ್‌ವರೆಗಿನ ಬಾಂಡ್. ಅದನ್ನು ಇಲ್ಲಿ ನಕಲು ಮಾಡಲಾಗದು. ಅಲ್ಲಿ ಮೇಲಿನ ದರ ಶೇಕಡಾ 9.9, ನಾರ್ತ್ ಕೆರೊಲಿನಾದಲ್ಲಿ 2026ಕ್ಕೆ 3.99. ಆಟಗಾರರ ಒಟ್ಟು ಸಂಬಳ 15 ಕೋಟಿ ಎಂದರೆ ಇಲ್ಲಿ ಸಿಗುವುದು 60 ಲಕ್ಷ ಡಾಲರ್. ಕಂತು 3.25 ಕೋಟಿ ಎಂದು ಆಗಲೇ ನೋಡಿದೆವು.

1998ರ ಮೇ ತಿಂಗಳಲ್ಲಿ ಇದೇ ರಾಜ್ಯದ ಗಿಲ್‌ಫರ್ಡ್ ಮತ್ತು ಫೊರ್ಸೈತ್ ಕೌಂಟಿಗಳಲ್ಲಿ ಮಿನೆಸೋಟ ಟ್ವಿನ್ಸ್ ತರಲು ಊಟದ ಮೇಲೆ ಶೇಕಡಾ 1 ತೆರಿಗೆ ಹಾಕಬಹುದೇ ಎಂದು ಜನರನ್ನು ಕೇಳಿದರು. ಎರಡೂ ಕಡೆ ಜನ ಬೇಡ ಎಂದರು. ಆ ಪ್ರಶ್ನೆ ಕೇಳಿದ್ದರಲ್ಲೇ ಒಂದು ಮರ್ಯಾದೆ ಇತ್ತು. ಈಗ ಕೇಳದೆಯೂ ಮುಂದೆ ಹೋಗಬಹುದು, ಇದು ಬಹಳ ಜನರಿಗೆ ಗೊತ್ತಿಲ್ಲ. ನಾರ್ತ್ ಕೆರೊಲಿನಾದಲ್ಲಿ ಊರಿನ ತೆರಿಗೆ ಹಾಕುವ ಅಧಿಕಾರವನ್ನೇ ಒತ್ತೆ ಇಡುವ ಜನರಲ್ ಆಬ್ಲಿಗೇಷನ್ ಬಾಂಡ್‌ಗೆ ಮತದಾನ ಬೇಕು. ಕಟ್ಟಡವನ್ನೇ ಅಡ ಇಟ್ಟು ಕಂತಿನ ಮೇಲೆ ತೆಗೆಯುವ ಸಾಲಕ್ಕೆ ಮತದಾನ ಬೇಡ. ರಾಜ್ಯದ ಲೋಕಲ್ ಗವರ್ನಮೆಂಟ್ ಕಮಿಷನ್ ಒಪ್ಪಿಗೆ, ಒಂದು ಸಾರ್ವಜನಿಕ ವಿಚಾರಣೆ, ಅಷ್ಟು ಸಾಕು. ಆ ವಿಚಾರಣೆಯ ಪ್ರಕಟಣೆ ಕನಿಷ್ಠ 10 ದಿನ ಮೊದಲು ಹೊರಬೀಳಬೇಕು. ಅಲ್ಲಿ ಮಾತನಾಡಲು ಮತದಾರರೇ ಆಗಿರಬೇಕಿಲ್ಲ. ವೀಸಾದಲ್ಲಿರುವವರು, ಬಾಡಿಗೆ ಮನೆಯವರು, ಯಾರು ಬೇಕಾದರೂ ಹೆಸರು ಬರೆಸಬಹುದು. ಸಿಗುವುದು ಎರಡು ಮೂರು ನಿಮಿಷ. ಅಷ್ಟರಲ್ಲಿ ಕೇಳಬೇಕಾದ್ದು ಒಂದೇ ಕಾಗದ: ಸಾಲದ ಮರುಪಾವತಿಯ ವರ್ಷವಾರು ಪಟ್ಟಿ, ಮೊದಲ ಕಂತಿನಿಂದ ಕೊನೆಯ ಕಂತಿನವರೆಗೆ, ಪ್ರತಿ ಸಾಲಿನ ಎದುರು ಆ ವರ್ಷ ದುಡ್ಡು ಯಾವ ತೆರಿಗೆಯಿಂದ ಬರುತ್ತದೆ, ಕಡಿಮೆ ಬಿದ್ದರೆ ಯಾರು ತುಂಬುತ್ತಾರೆ ಎಂದು ಬರೆದದ್ದು.